ಹಾಸಿಗೆಯಿಂದ ಬಾಗಿಲಿಗೆ ಮೂರು ಗಂಟೆ

ಲೇಟಣ್ಣನ ಮನೆಯಲ್ಲಿ ಇದ್ದದ್ದೇ ಒಂದು ಗಡಿಯಾರ. ಒಂದು ಸಂಜೆ ಅವನು ಅದನ್ನು ಬಿಚ್ಚಿಹಾಕಿದ್ದೇ ಎಲ್ಲ ಫಜೀತಿಗೂ ಮೂಲ.

ಅವನ ನಿಜವಾದ ಹೆಸರು ಬೇರೆಯಿತ್ತು. ಆದರೆ ಆಫೀಸಿನಲ್ಲಿ ಹೆಸರು ಕೂಗುವ ಹೊತ್ತಿಗೆ ಅವನು ಎಂದೂ ಬಂದಿರುತ್ತಿರಲಿಲ್ಲವಾದ್ದರಿಂದ ಅದು ಬಳಕೆ ತಪ್ಪಿಹೋಗಿತ್ತು. ಕಟ್ಟಡಗಳ ನಕ್ಷೆ ಬರೆಯುವುದು ಅವನ ಕೆಲಸ. ಸ್ಕೇಲು ಮುಟ್ಟದೆ ಎಳೆದರೂ ಅವನ ಗೆರೆ ದಾರ ಬಿಗಿದ ಹಾಗೆ ನೆಟ್ಟಗೆ ಬರುತ್ತಿತ್ತು. ನೆಟ್ಟಗಾಗದೆ ಉಳಿದದ್ದು ಅವನ ಬೆಳಗು ಒಂದೇ. ಒಂಬತ್ತೂವರೆಯ ಆಫೀಸಿಗೆ ದಿನವೂ ಹತ್ತು ನಿಮಿಷ ತಡ. ಅವನ ಕೈಗಡಿಯಾರ ರಿಪೇರಿ ಅಂಗಡಿ ಸೇರಿ ಆರು ತಿಂಗಳಾಗಿತ್ತು. ತರಲು ಹೋದಾಗಲೆಲ್ಲ ಅಂಗಡಿಯವನು ಆಗತಾನೇ ಬಾಗಿಲು ಹಾಕಿಕೊಂಡು ಹೋಗಿರುತ್ತಿದ್ದ.

ಆ ದಿನ ಮ್ಯಾನೇಜರು ಅವನನ್ನು ಕರೆದು, ಬೈಯಲೂ ಮನಸ್ಸಿಲ್ಲದ ದನಿಯಲ್ಲಿ ಹೇಳಿದ್ದರು: "ನಾಳೆ ಒಂಬತ್ತೂವರೆಗೆ ಮಾಲೀಕರೇ ಬಂದು ಬಾಗಿಲಲ್ಲಿ ನಿಲ್ತಾರಂತೆ. ಅವರಾದ ಮೇಲೆ ನೀವು ಬಂದ್ರೋ, ಬಂದ ದಾರಿಗೆ ಸುಂಕವಿಲ್ಲ ಅಂತ ಹಾಗೇ ವಾಪಸ್ ಹೋಗಿ. ಇನ್ನು ನನ್ನ ಕೈಲೂ ಏನಿಲ್ಲ ಕಣ್ರೀ."

ಕೆಲಸ ಹೋದರೆ ಏನು ಗತಿ ಎಂದು ದಾರಿಯುದ್ದಕ್ಕೂ ಹೆದರುತ್ತ ಬಂದ ಲೇಟಣ್ಣನಿಗೆ ಮನೆ ಬಾಗಿಲಲ್ಲಿ ಜ್ಞಾನೋದಯವಾಯಿತು. ತಪ್ಪು ತನ್ನದಲ್ಲ, ಗಡಿಯಾರದ್ದು.

"ದುಂಡಗಿರೋ ಗಡಿಯಾರ ನಂಬೋ ಹಾಗಿಲ್ಲ ಕಣೇ" ಎಂದು ಹೆಂಡತಿಗೆ ವಿವರಿಸಿದ. "ಅದು ಯಾವಾಗಲೂ ಸುತ್ತಿ ಬಳಸಿ ಮಾತಾಡುತ್ತೆ. ಏಳೂವರೆ ಹೋಯ್ತಾ? ಹೋಗಲಿ, ಸಂಜೆ ಮತ್ತೆ ಬರುತ್ತಲ್ಲ ಅನ್ನಿಸುತ್ತೆ. ಕಾಲ ಅಂದ್ರೆ ನೆಟ್ಟಗೆ ಒಂದು ಗೆರೆ ಇದ್ದ ಹಾಗೆ ಇರಬೇಕು. ಹೋಯ್ತು ಅಂದ್ರೆ ಹೋಯ್ತು."

"ಗಡಿಯಾರ ನೆಟ್ಟಗೆ ಮಾಡೋದಕ್ಕಿಂತ ನೀವು ನೆಟ್ಟಗಾಗೋದು ಸುಲಭ ಅಲ್ವೇನ್ರೀ?" ಎಂದಳು ಹೆಂಡತಿ. ಲೇಟಣ್ಣ ಆಗಲೇ ಸುತ್ತಿಗೆ ಹುಡುಕುತ್ತಿದ್ದ.

ಅವರ ಮನೆ ರೈಲು ಡಬ್ಬಿಯಂತೆ ಉದ್ದಕ್ಕಿತ್ತು. ಒಂದು ತುದಿಗೆ ಅವನ ಹಾಸಿಗೆ, ಇನ್ನೊಂದು ತುದಿಗೆ ಬೀದಿ ಬಾಗಿಲು, ನಡುವೆ ಬಚ್ಚಲು, ಅಡುಗೆಮನೆ. ಆ ಗೋಡೆಯುದ್ದಕ್ಕೂ ಎದೆಮಟ್ಟದಲ್ಲಿ ಎರಡು ಪುಟ್ಟ ಗಾಲಿಗಳ ಮೇಲೆ ಹಾಯಿಸಿ ಜೋಡಿ ದಾರ ಕಟ್ಟಿದ. ಒಂದು ದಾರ ಹೋಗುವುದಕ್ಕೆ, ಇನ್ನೊಂದು ತಿರುಗಿ ಬರುವುದಕ್ಕೆ. ದುಂಡು ಗಡಿಯಾರದ ಹೊಟ್ಟೆಯಿಂದ ಯಂತ್ರ ಕಿತ್ತು ಗಾಲಿಗೆ ಜೋಡಿಸಿದ. ಮುಳ್ಳಿನ ಬದಲು ಬಟ್ಟೆ ಒಣಹಾಕುವ ಕೆಂಪು ಕ್ಲಿಪ್ಪನ್ನು ದಾರಕ್ಕೆ ಸಿಕ್ಕಿಸಿದ. ಹಾಸಿಗೆಯ ಹತ್ತಿರ ಗೋಡೆಗೆ ಮೊಳೆ ಹೊಡೆದು, ಗೆರೆ ಎಳೆದು ಆರು ಎಂದು ಬರೆದ. ಬಚ್ಚಲ ಮುಂದೆ ಏಳು, ಅಡುಗೆಮನೆ ಬಾಗಿಲಿಗೆ ಎಂಟು, ಬೀದಿ ಬಾಗಿಲಿಗೆ ಒಂಬತ್ತು. ಕ್ಲಿಪ್ಪಿನ ಜೊತೆ ಹೆಜ್ಜೆ ಹಾಕುತ್ತ ಹೋದರಾಯಿತು, ಒಂಬತ್ತಕ್ಕೆ ತಾನಾಗಿಯೇ ಬೀದಿಯಲ್ಲಿರುತ್ತಾನೆ. ಅಲ್ಲಿಂದ ಆಫೀಸಿಗೆ ಅರ್ಧ ಗಂಟೆ ನಡಿಗೆ. ಹಳೆಯ ಸೆಲ್ಲನ್ನು ಕಿತ್ತೆಸೆದು, ಅಂಗಡಿ ಮುಚ್ಚುವ ಮುನ್ನ ಓಡಿಹೋಗಿ ಹೊಸ ಸೆಲ್ಲನ್ನೂ ತಂದ. ಜನ್ಮದಲ್ಲಿ ಮೊದಲ ಬಾರಿ ಒಂದು ಅಂಗಡಿ ಅವನಿಗೆ ತೆರೆದು ಸಿಕ್ಕಿತ್ತು.

"ಅಳಿಯಂದ್ರೇ, ನಿಮ್ಮ ಏಳೂಕಾಲು ನನ್ನ ಕಿವಿಗೆ ತಾಗ್ತಾ ಇದೆ" ಎಂದರು ಅಲ್ಲೇ ಕುರ್ಚಿಯಲ್ಲಿ ಕೂತಿದ್ದ ಮಾವ. ಮಗಳ ಮನೆಯಲ್ಲೇ ಇದ್ದ ಅವರಿಗೆ ದಿನಕ್ಕೆ ಎರಡೇ ಕೆಲಸ, ಬೆಳಿಗ್ಗೆ ಬಚ್ಚಲು ಹಿಡಿಯುವುದು ಮತ್ತು ಪೇಪರು ಹಿಡಿಯುವುದು.

"ಕುರ್ಚೀನ ಆರೂವರೆಗೆ ಎಳ್ಕೊಳ್ಳಿ ಮಾವ."

ಅಷ್ಟರಲ್ಲಿ ಪಕ್ಕದ ಮನೆಯ ಟೀಚರಮ್ಮ ಬಂದು ನಿಂತರು. ಶಾಲೆಯಿಂದ ನಿವೃತ್ತರಾಗಿ ವರ್ಷಗಳಾದರೂ ದನಿ ನಿವೃತ್ತವಾಗಿರಲಿಲ್ಲ. "ಏನ್ರೀ ಇದು, ನಿಮ್ಮ ಎಂಟು ಗಂಟೆ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬಂದಿದೆ! ಮೊಳೆ ತುದಿ ಅಷ್ಟುದ್ದ ಕಾಣ್ತಿದೆ."

"ಸೌಟು ನೇತುಹಾಕ್ಕೊಳ್ಳಿ ಟೀಚರ್."

ಟೀಚರಮ್ಮ ಸೌಟು ನೇತುಹಾಕಿಕೊಳ್ಳಲಿಲ್ಲ. ಬೆಳಿಗ್ಗೆ ಬಂದು ಈ ತಮಾಷೆ ನೋಡಿಯೇ ತೀರುತ್ತೇನೆಂದು ಹೇಳಿ ಹೋದರು.

ಬೆಳಿಗ್ಗೆ ಆರಕ್ಕೆ ಹಾಲಿನವನು ಕೂಗಿದ್ದೇ ತಡ, ಲೇಟಣ್ಣ ಎದ್ದು ಕೂತ. ಕ್ಲಿಪ್ಪನ್ನು ಆರರ ಗೆರೆಯ ನೇರಕ್ಕೆ ದಾರಕ್ಕೆ ಸಿಕ್ಕಿಸಿ, ಹಾಸಿಗೆಯ ಅಂಚಿನಲ್ಲಿ ಕೂತು ಅದನ್ನೇ ದಿಟ್ಟಿಸಿದ. ಅದು ಅಲುಗಿದಂತೆ ಕಾಣಲಿಲ್ಲ. ಹಾಸಿಗೆ ಮಡಿಸಿಟ್ಟು ತಿರುಗಿ ನೋಡಿದರೆ ಆರೂವರೆಯ ಹತ್ತಿರವಿತ್ತು! ಲೇಟಣ್ಣನಿಗೆ ರೋಮಾಂಚನವಾಯಿತು. ನೋಡುತ್ತಿದ್ದರೆ ನಿಲ್ಲುತ್ತದೆ, ಬೆನ್ನು ತಿರುಗಿಸಿದರೆ ಓಡುತ್ತದೆ. ಕಾಲದ ಈ ಕಳ್ಳಬುದ್ಧಿ ಇಷ್ಟು ವರ್ಷ ತನಗೆ ತಿಳಿಯದೆ ಹೋಯಿತಲ್ಲ! ಹೆಂಡತಿ ಪೊರಕೆ ಹಿಡಿದು, ಏನೂ ಅರಿಯದವಳಂತೆ ಗುಡಿಸುತ್ತಿದ್ದಳು.

ಏಳು ಗಂಟೆ ಮಾವನ ಕೈಯಲ್ಲಿತ್ತು. ಅಂದರೆ ಬಚ್ಚಲ ಬಾಗಿಲು ಒಳಗಿನಿಂದ ಚಿಲಕ ಹಾಕಿಕೊಂಡಿತ್ತು.

"ಮಾವ, ನನ್ನ ಏಳು ಗಂಟೆ ಹೋಗ್ತಾ ಇದೆ!"

"ನಿಮ್ಮ ಏಳು ಗಂಟೇನ ನಾನೇನು ಬಕೆಟ್ಟಲ್ಲಿ ಮುಚ್ಚಿಟ್ಟುಕೊಂಡಿದೀನಾ?" ಒಳಗಿನಿಂದ ಉತ್ತರ ಬಂತು.

ಅಂತೂ ಮಾವ ಹೊರಬಂದರು, ಅಳಿಯ ಒಳಹೊಕ್ಕ. ಮೈಗೆ ನೀರು ಹುಯ್ದುಕೊಂಡು, ಕನ್ನಡಿ ಮುಂದೆ ನಿಂತು ಒಂದು ಕೆನ್ನೆ ಬೋಳಿಸಿ, ಯಾವುದಕ್ಕೂ ಇರಲಿ ಎಂದು ಕತ್ತು ಹೊರಗೆ ಹಾಕಿದ. ಕ್ಲಿಪ್ಪು ಎಂಟಕ್ಕೆ ಎರಡೇ ಗೇಣು ದೂರದಲ್ಲಿತ್ತು! ಅದರ ಪಕ್ಕ ಮಾವ ಪೇಪರು ಬಿಡಿಸಿಕೊಂಡು ನಿಂತಿದ್ದರು.

"ಮಾವ, ಇದು ಇಷ್ಟು ಬೇಗ ಹೇಗೆ ಬಂತು?"

"ನನ್ನನ್ನೇನು ಕೇಳ್ತೀರಿ? ಮಾಡಿದೋರು ನೀವು. ಬೇಗ ಹೊರಡಿ, ಬೇಗ ಹೊರಡಿ."

ಇನ್ನೊಂದು ಕೆನ್ನೆಯ ಆಸೆಯನ್ನು ಲೇಟಣ್ಣ ಅಲ್ಲೇ ಬಿಟ್ಟ. ಗೂಟದಲ್ಲಿದ್ದ ಪ್ಯಾಂಟು ಏರಿಸಿ, ಅಂಗಿಯ ಗುಂಡಿಯೊಂದನ್ನು ಪಕ್ಕದ ಮನೆಯ ತೂತಿಗೆ ಸೇರಿಸಿ, ತಿಂಡಿ ತಟ್ಟೆಗೆ ಕೈ ಹಾಕಿದ. ಎರಡು ತುತ್ತು ಒಳಗೆ ಹೋಗಿರಲಿಲ್ಲ, ಟೀಚರಮ್ಮನ ಗುಡುಗು ಕೇಳಿಸಿತು: "ಏನು ಕೂತಿದೀರಿ? ನೋಡಿ ಅಲ್ಲಿ, ಒಂಬತ್ತಾಯ್ತು!"

ಕ್ಲಿಪ್ಪು ಬೀದಿ ಬಾಗಿಲ ಚೌಕಟ್ಟಿಗೆ ತಾಗಿತ್ತು. ಟೀಚರಮ್ಮ ಅದರ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. ಲೇಟಣ್ಣ ತುತ್ತನ್ನು ಅರ್ಧ ನುಂಗಿ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಮಾವನ ಚಪ್ಪಲಿ ಮೆಟ್ಟಿ ಬೀದಿಗೆ ಬಿದ್ದ.

ಬೀದಿಯಲ್ಲಿ ಆಫೀಸಿಗೆ ಹೊರಟವರು ಒಬ್ಬರೂ ಇರಲಿಲ್ಲ. 'ಅಯ್ಯೋ, ಎಲ್ಲರೂ ಆಗಲೇ ಕೆಲಸಕ್ಕೆ ಹೋಗಿಬಿಟ್ಟಿದ್ದಾರೆ!' ಎಂದುಕೊಂಡ. ಅಂಗಡಿಗಳೆಲ್ಲ ಮುಚ್ಚಿದ್ದವು. ಅದರಲ್ಲೇನೂ ಅವನಿಗೆ ವಿಶೇಷ ಕಾಣಲಿಲ್ಲ, ಅವನಿಗೆ ಅಂಗಡಿಗಳು ಇದ್ದದ್ದೇ ಹಾಗೆ. ಎದ್ದೆನೋ ಬಿದ್ದೆನೋ ಎಂದು ನಡೆದು ಆಫೀಸಿನ ಗೇಟು ಮುಟ್ಟುವ ಹೊತ್ತಿಗೆ ಬೆವರು ಕಿವಿಯಿಂದ ಇಳಿಯುತ್ತಿತ್ತು.

ಗೇಟಿನ ಹಿಂದೆ ವಾಚ್‌ಮನ್ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡು ನಿಂತಿದ್ದ. "ಯಾರಯ್ಯಾ ಅದು?"

"ನಾನೇ ಮಾರಾಯ, ಲೇಟಣ್ಣ. ಮಾಲೀಕರು ಬಂದ್ರಾ?"

ವಾಚ್‌ಮನ್ ನೊರೆ ಉಗುಳಿ ನಕ್ಕ. "ಲೇಟಣ್ಣ ಈ ಹೊತ್ತಿಗೆ? ಕಾಗೆ ಬೆಳ್ಳಗಾದ್ರೂ ಆಗೋ ಮಾತಲ್ಲ. ನಿಜ ಹೇಳು, ಯಾರು ನೀನು? ಏನು ಕದಿಯೋಕೆ ಬಂದೆ?"

"ಮುಖ ನೋಡಯ್ಯಾ!"

"ನೋಡ್ದೆ. ಲೇಟಣ್ಣಂಗೆ ಗಡ್ಡ ಇರುತ್ತೆ."

ಲೇಟಣ್ಣ ಮುಖ ತಿರುಗಿಸಿ ಬೋಳಿಸದ ಕೆನ್ನೆ ತೋರಿಸಿದ. ಅದು ಪರಿಚಿತವೆನಿಸಿತು, ಆದರೆ ಇನ್ನೊಂದು ಕೆನ್ನೆ ಬೇರೆಯವನದಾಗಿತ್ತು. ವಾಚ್‌ಮನ್‌ಗೆ ಇದೊಂದು ಹೊಸ ಬಗೆಯ ಮೋಸವೆಂದು ಖಾತ್ರಿಯಾಯಿತು. "ನಡಿ, ಮ್ಯಾನೇಜರು ಒಳಗಿದಾರೆ, ಅವರೇ ತೀರ್ಮಾನ ಮಾಡಲಿ" ಎಂದು ಕೊರಳಪಟ್ಟಿ ಹಿಡಿದು ಒಳಗೆ ನಡೆಸಿದ. ಮ್ಯಾನೇಜರೇ ಬಂದಾಗಿದೆ ಎಂದರೆ ತನ್ನ ಕಥೆ ಮುಗಿಯಿತು ಎಂದು ಲೇಟಣ್ಣನ ಜೀವ ಬಾಯಿಗೆ ಬಂತು.

ಒಳಗೆ ಮ್ಯಾನೇಜರು ಸ್ಟೂಲಿನ ಮೇಲೆ ನಿಂತಿದ್ದರು. ಆಫೀಸಿನ ದೊಡ್ಡ ಗಡಿಯಾರ ಮಗುವಿನ ಹಾಗೆ ಅವರ ತೋಳಿನಲ್ಲಿತ್ತು. ಬೆರಳು ಅದರ ಮುಳ್ಳಿನ ಮೇಲಿತ್ತು. ಬಾಗಿಲಲ್ಲಿ ಲೇಟಣ್ಣನನ್ನು ಕಂಡದ್ದೇ, ದೆವ್ವ ಕಂಡವರಂತೆ "ಆಂ!" ಎಂದರು. ಗಡಿಯಾರ ಕೈ ಜಾರಿತು. ಲೇಟಣ್ಣ ಮುನ್ನುಗ್ಗಿ ಅದನ್ನು ಎದೆಗೆ ಅವುಚಿಕೊಂಡ.

"ನೀವಾ? ಈಗಿನ್ನೂ ಎಂಟೂವರೆ ಕಣ್ರೀ!"

"ಎಂಟೂವರೆನಾ?" ಲೇಟಣ್ಣ ಎದೆಯ ಮೇಲಿದ್ದ ಗಡಿಯಾರ ನೋಡಿದ. "ಇದರಲ್ಲಿ ಎಂಟೂಕಾಲಲ್ವಾ ಸಾರ್?"

ಮ್ಯಾನೇಜರು ವಾಚ್‌ಮನ್‌ನನ್ನು ಹೊರಗೆ ಕಳಿಸಿ, ಸ್ಟೂಲಿನ ಮೇಲೇ ಕುಸಿದು ಕೂತರು. "ನೋಡ್ಬಿಟ್ರಿ. ಇನ್ನೇನು ಮುಚ್ಚಿಡೋದು? ಎರಡು ವರ್ಷದಿಂದ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಇದನ್ನ ಕಾಲು ಗಂಟೆ ಹಿಂದಕ್ಕೆ ಇಡ್ತಾ ಇದೀನಿ. ಊಟದ ಹೊತ್ತಲ್ಲಿ ಮತ್ತೆ ಸರಿ ಮಾಡ್ತೀನಿ. ಯಾರಿಗೋಸ್ಕರ? ನಿಮಗೋಸ್ಕರ! ಅದರ ಮೇಲೂ ನೀವು ಹತ್ತು ನಿಮಿಷ ಲೇಟು!"

"ನನಗೋಸ್ಕರನಾ ಸಾರ್?" ಲೇಟಣ್ಣನ ಕಣ್ಣು ತೇವವಾಯಿತು.

"ನಿಮ್ಮ ಮೇಲಿನ ಪ್ರೀತಿಗಲ್ಲ ರೀ. ನೀವು ಹೋದ್ರೆ ನಕ್ಷೆ ಯಾರು ಬರೀತಾರೆ? ನಾನು ಗೆರೆ ಎಳೆದ್ರೆ ಹಾವು ಹರಿದ ಹಾಗಿರುತ್ತೆ. ಆ ಮನೆ ಕಟ್ಟಿದ್ರೆ ಅದರಲ್ಲಿ ಯಾರು ವಾಸ ಮಾಡ್ತಾರೆ?"

ಲೇಟಣ್ಣ ತನ್ನ ನೆಟ್ಟನೆ ಗಡಿಯಾರದ ಕಥೆಯನ್ನು ಸವಿಸ್ತಾರವಾಗಿ ಹೇಳಿದ. ಕೇಳುತ್ತ ಕೇಳುತ್ತ ಮ್ಯಾನೇಜರ ಮುಖ ಅರಳಿತು. ಎರಡು ವರ್ಷದಿಂದ ಸರಿಯಾಗಿ ನಿದ್ದೆ ಮಾಡದ ಮನುಷ್ಯ ಅವರು. "ಹಾಗಾದ್ರೆ ನಾನು ಇನ್ಮೇಲೆ ಬೆಳಿಗ್ಗೆ ಮಲಗಬಹುದು ಅನ್ನಿ!" ಎಂದು ಲೇಟಣ್ಣನ ಬೋಳಿಸಿದ ಕೆನ್ನೆ ತಟ್ಟಿದರು. ಗಡಿಯಾರವನ್ನು ಸರಿಯಾದ ಹೊತ್ತಿಗೆ ತಿರುಗಿಸಿ, ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ಬೀಗ ಜಡಿದರು. "ಈ ಕೀಲಿ ಇವತ್ತೇ ಮಾಲೀಕರ ಕೈಗೆ ಕೊಟ್ಟುಬಿಡ್ತೀನಿ. ನನಗೂ ಪಾಪಪ್ರಜ್ಞೆ ಸಾಕಾಯ್ತು."

ಒಂಬತ್ತೂವರೆಗೆ ಮಾಲೀಕರು ಬಂದಾಗ ಲೇಟಣ್ಣ ಎರಡನೇ ನಕ್ಷೆ ಮುಗಿಸುತ್ತಿದ್ದ. ಅವರು ಅವನ ಮುಖವನ್ನು ಎರಡು ಪಕ್ಕದಿಂದಲೂ ನೋಡಿದರು. "ಅರ್ಧ ಕ್ಷೌರಕ್ಕೆ ಎದ್ದು ಬಂದಿದಾನೆ ನೋಡ್ರೀ, ಕೆಲಸ ಅಂದ್ರೆ ಇಂಥವರು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಕೀಲಿಯನ್ನು ಜೇಬಿಗಿಳಿಸಿ ಹೊರಟುಹೋದರು. ಲೇಟಣ್ಣನ ತಲೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಕೆಲಸ ಉಳಿದಿತ್ತು.

ಸಂಜೆ ಅವನು ಗೆದ್ದ ಎತ್ತಿನ ಹಾಗೆ ಮನೆಗೆ ಬಂದ. ಹೆಂಡತಿ, ಮಾವ, ಟೀಚರಮ್ಮ ಮೂವರೂ ಕಾದು ಕೂತಿದ್ದರು. "ಉಳೀತು!" ಎಂದ ಕೂಡಲೇ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಾವ ನಿಟ್ಟುಸಿರು ಬಿಟ್ಟರು. ಲೇಟಣ್ಣ ಗಡಿಯಾರದ ಗುಣಗಾನ ಶುರುಮಾಡಿದ. "ಒಂದೇ ಒಂದು ಸಣ್ಣ ದೋಷ. ಸ್ವಲ್ಪ ಮುಂದೆ ಓಡುತ್ತೆ. ಒಂದು ಗಂಟೆಯಷ್ಟು."

ಹೆಂಡತಿ ನೆಲ ನೋಡಿದಳು. "ಅದು ಗಡಿಯಾರದ ದೋಷ ಅಲ್ಲ ರೀ. ನೀವು ಲೇಟಾಗ್ತೀರೇನೋ ಅಂತ ಹೆದರಿ, ನೀವು ಹಾಸಿಗೆ ಮಡಿಸುವಾಗ ನಾನೇ ಒಂಚೂರು ಮುಂದಕ್ಕೆ ಸಿಕ್ಕಿಸಿದೆ."

"ನಾನೂ ಒಂಚೂರು ತಳ್ಳಿದೆ ಅಳಿಯಂದ್ರೇ" ಎಂದರು ಮಾವ. "ನೀವು ಹೊರಟರೆ ಪೇಪರು ನೆಮ್ಮದಿಯಾಗಿ ಓದಬಹುದು ಅಂತ."

"ನಾನು ಒಂಚೂರಲ್ಲ, ಬಾಗಿಲವರೆಗೂ ಎಳೆದೆ" ಎಂದರು ಟೀಚರಮ್ಮ, ಯಾವ ಸಂಕೋಚವೂ ಇಲ್ಲದೆ. "ಮೂವತ್ತು ವರ್ಷ ಗಂಟೆ ಹೊಡೆಸಿದ ಕೈ, ಸುಮ್ಮನಿರಲ್ಲ."

ಲೇಟಣ್ಣ ಮನಸಾರೆ ನಕ್ಕುಬಿಟ್ಟ. ಎಲ್ಲರೂ ನಕ್ಕರು. ಆಮೇಲೆ ಹೆಂಡತಿ ಗಂಭೀರವಾಗಿ, "ಇಷ್ಟು ಒಳ್ಳೆ ಗಡಿಯಾರಕ್ಕೆ ನಾವು ಕೈ ಹಾಕಿದ್ದು ತಪ್ಪು. ಇನ್ಮೇಲೆ ಯಾರೂ ಮುಟ್ಟಲ್ಲ, ಆಣೆ" ಎಂದಳು. ಮಾವ ತಲೆಯಾಡಿಸಿದರು. ಟೀಚರಮ್ಮ ತಮ್ಮ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ತೋರಿಸಿದರು.

ಲೇಟಣ್ಣ ಬೆವರೊರೆಸಿಕೊಳ್ಳಲು ಪ್ಯಾಂಟಿನ ಜೇಬಿನಿಂದ ಕರವಸ್ತ್ರ ಎಳೆದ. ಅದರ ಜೊತೆ ಏನೋ ಠಣ್ಣೆಂದು ನೆಲಕ್ಕೆ ಬಿದ್ದು ಮಾವನ ಕಾಲಬುಡಕ್ಕೆ ಉರುಳಿತು.

"ಹೊಸ ಸೆಲ್ಲು!" ಎಂದು ಮಾವ ಎತ್ತಿಕೊಟ್ಟರು. "ಯಾವುದರದು?"

ಲೇಟಣ್ಣ ಸೆಲ್ಲು ನೋಡಿದ. ಬಾಗಿಲ ಹತ್ತಿರದ ಕ್ಲಿಪ್ಪು ನೋಡಿದ. ಬೆಳಿಗ್ಗೆ ಟೀಚರಮ್ಮ ಬಿಟ್ಟ ಜಾಗದಲ್ಲೇ ಅದು ನಿಂತಿತ್ತು.

"ಟಾರ್ಚಿಂದು" ಎಂದ.

ಟೀಚರಮ್ಮ ಹೋದರು, ಊಟವಾಯಿತು, ಮಾವ ಆಕಳಿಸುತ್ತ ಎದ್ದುಹೋದರು. ಯಾರೂ ಇಲ್ಲದ್ದನ್ನು ನೋಡಿ ಲೇಟಣ್ಣ ಸೆಲ್ಲನ್ನು ಯಂತ್ರಕ್ಕೆ ತುರುಕಿದ. ಟಿಕ್, ಟಿಕ್ ಎಂದಿತು. ಗಾಲಿ ತಿರುಗಿತು, ದಾರ ಅಲುಗಿತು. ಕೆಂಪು ಕ್ಲಿಪ್ಪು ಬೀದಿ ಬಾಗಿಲನ್ನು ಬಿಟ್ಟು, ಅಡುಗೆಮನೆಯ ಕಡೆಗೆ, ಅಂದರೆ ಒಂಬತ್ತರಿಂದ ಎಂಟರ ಕಡೆಗೆ, ಇರುವೆಯ ಹಾಗೆ ಹೊರಟಿತು. ಅವನು ಅದನ್ನು ತಿರುಗಿ ಬರುವ ದಾರಕ್ಕೆ ಸಿಕ್ಕಿಸಿದ್ದ.

ಅದನ್ನು ಸರಿಪಡಿಸಲು ಎಷ್ಟು ಹೊತ್ತು? ಒಂದು ನಿಮಿಷ. ನಾಳೆ ಬೆಳಿಗ್ಗೆ ಬೇಗ ಎದ್ದು ಮಾಡಿದರಾಯಿತು, ಎಂದುಕೊಂಡ ಲೇಟಣ್ಣ. ಇವತ್ತಿಗಂತೂ ಬಚಾವಾಗಿದ್ದ. ಕಣ್ಣು ಎಳೆಯುತ್ತಿತ್ತು. ಕ್ಲಿಪ್ಪಿನ ಜೊತೆಗೇ ಹೆಜ್ಜೆ ಹಾಕಬೇಕೆಂದು ತಾನೇ ಮಾಡಿಕೊಂಡ ನಿಯಮ ನೆನಪಾಗಿ, ಅದರ ಪಕ್ಕದಲ್ಲೇ ನೆಮ್ಮದಿಯಿಂದ ಹಾಸಿಗೆಯ ಕಡೆಗೆ ನಡೆದ.