ಮೂರು ನಕ್ಷತ್ರ, ಒಂದು ಅಗುಳು

ಕಾನ್ವೆಂಟಿನಲ್ಲಿ ನಾನು ಕಲಿತದ್ದು ಎರಡೇ: ದುಂಡಗೆ ಇಂಗ್ಲಿಷ್ ಬರೆಯುವುದು, ಇನ್ನೊಬ್ಬರ ಕಾಗದ ಒಡೆಯದಿರುವುದು. ಮದುವೆಯಾಗಿ ಗುಂಡ್ಲುಪೇಟೆಗೆ ಬಂದ ಮೇಲೆ ಮೊದಲನೆಯದು ಉಪ್ಪಿನಕಾಯಿ ಜಾಡಿಗಳಿಗೆ ಚೀಟಿ ಅಂಟಿಸಲು ಒದಗಿತು. ಎರಡನೆಯದನ್ನು ಕಳೆದುಕೊಂಡ ಕಥೆ ಇದು.

ಪಕ್ಕದ ಮನೆಗೆ ಕೊಚ್ಚಿಯಿಂದ ಬಂದಿದ್ದ ಮರದ ವ್ಯಾಪಾರಿಯ ಮಗಳು ಸಾರಾ. ಯೆಹೂದಿಗಳು. ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದಲು ಅರ್ಜಿ ಹಾಕಿದ್ದಳು. ಸಂದರ್ಶನಕ್ಕೆ ಕರೆದದ್ದು ಶನಿವಾರ. ಶುಕ್ರವಾರ ಹೊತ್ತು ಮುಳುಗಿದರೆ ಮಾರನೆಯ ಸಂಜೆ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವ ತನಕ ಅವರು ಬಸ್ಸು ಹತ್ತುವುದಿಲ್ಲ, ಒಲೆ ಹಚ್ಚುವುದಿಲ್ಲ, ಒಂದಕ್ಷರ ಬರೆಯುವುದಿಲ್ಲ, ಅಂಟಿಸಿದ ಕಾಗದ ಒಡೆಯುವುದಿಲ್ಲ. ನಮ್ಮ ಲೋಟದಲ್ಲಿ ಕಾಫಿಯನ್ನೂ ಕುಡಿಯದ ಹುಡುಗಿಯೆಂದು ನಮ್ಮತ್ತೆಗೆ ಅವಳ ಮೇಲೆ ಅಪಾರ ಗೌರವ. "ನಿಂಗಿಂತ ಆ ಮಗೀನ ಮಡಿನೇ ವಾಸಿ ಕಣಮ್ಮಿ" ಎಂದು ನನ್ನನ್ನು ಚುಚ್ಚುತ್ತಿದ್ದರು.

ಬೇರೆ ದಿನ ಕೊಡಿರೆಂದು ಕಾಲೇಜಿಗೆ ನಾನೇ ಮೂರು ಪುಟ ಬರೆದುಕೊಟ್ಟೆ, ಉತ್ತರಕ್ಕೆ ನಮ್ಮ ಮನೆಯ ವಿಳಾಸ ಹಾಕಿ. ಸಂದರ್ಶನಕ್ಕೆ ಒಂದು ವಾರವಿರುವಾಗ ಉತ್ತರ ಬಂತು. ಅದು ಬಂದದ್ದೂ ಶನಿವಾರವೇ!

"ಒಡ್ದು ನೋಡವ್ವ, ಏನ್ ಬರ್ದವ್ರೋ" ಅಂದ ಅಂಚೆಯವನು, ನನ್ನ ಜೊತೆ ಜಗಲಿಯಲ್ಲಿದ್ದ ಸಾರಾಗೆ.

ಸಾರಾ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಇವತ್ತು ಒಡೆಯೋ ಹಾಗಿಲ್ಲ."

"ಸನಿವಾರ ನಮ್ಗೂ ಒಪ್ಪತ್ತು ಕಣವ್ವ. ಕಾಗ್ದ ಓದುದ್ರೆ ಒಪ್ಪತ್ತು ಕೆಟ್ಟೋದದಾ?"

"ನಾನು ಒಡೆದು ಹೇಳಲೇನೇ?" ಅಂದೆ.

"ಬೇಡ ಅಕ್ಕಾ. ನಿಮ್ಮ ಕೈಲಿ ಒಡೆಸಿದ್ರೂ ನಾನೇ ಒಡೆದ ಹಾಗೆ." ಆಗದೆಂದು ಬರೆದಿದ್ದರೆ ಓದು ಅಲ್ಲಿಗೆ ಮುಗಿದಂತೆ. ಆಮೇಲೆ ಮದುವೆಯೇ ಎಂದು ಅವಳಪ್ಪ ಹೇಳಿಯಾಗಿತ್ತು.

ಅವಳು ಮನೆಗೆ ಹೋದಳು. ಕವರು ನನ್ನ ಮೇಜಿನ ಮೇಲೆ. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಕವರನ್ನು ಹಬೆಗೆ ಹಿಡಿದದ್ದು ನಾನಲ್ಲ, ನನ್ನ ಕೈ. ಕೆಟ್ಟ ಸುದ್ದಿಯಾದರೆ ಸಮಾಧಾನದ ಮಾತುಗಳನ್ನು ಮೊದಲೇ ಜೋಡಿಸಿಕೊಳ್ಳಬಹುದಲ್ಲ ಎಂಬ ಸಬೂಬು ಬೇರೆ. ಓದಿದೆ. ಆ ಶನಿವಾರ ಬೇಡ, ಅದರಾಚೆಯ ಸೋಮವಾರ ಬರಲಿ ಎಂದಿತ್ತು! ಅನ್ನ ಹಿಚುಕಿ ಮತ್ತೆ ಅಂಟಿಸಿದೆ. ಆಮೇಲೆ ಸಂಜೆಯ ತನಕ ಬಾಯಿ ಮುಚ್ಚಿಕೊಂಡಿರುವ ಕಷ್ಟ ಯಾವ ಉಪವಾಸಕ್ಕೂ ಕಡಿಮೆಯಲ್ಲ.

ಸಂಜೆ ಇಬ್ಬರೂ ಜಗಲಿಯಲ್ಲಿ ಕೂತು ಆಕಾಶ ನೋಡಿದೆವು. ಎರಡು ನಕ್ಷತ್ರ ಬಂದವು, ಮೂರನೆಯದಕ್ಕೆ ಮೋಡ. ತಡೆಯಲಾರದೆ ನಾನು ಹುಣಸೆಮರದತ್ತ ತೋರಿಸಿ "ಅಗೋ!" ಅಂದೆ.

"ಅದು ಮಿಣುಕುಹುಳ ಅಕ್ಕಾ. ಹಾರ್ತಾ ಇದೆ."

ಅಂತೂ ಮೋಡ ಸರಿಯಿತು. ಸಾರಾ ಕವರು ಒಡೆದು ಓದಿ ನನ್ನ ಭುಜಕ್ಕೆ ಮುಖವಿಟ್ಟು ಅತ್ತಳು. ನಾನು "ಹೌದೇನೇ! ನಿಜವಾ!" ಎಂದು ಚೆನ್ನಾಗಿಯೇ ಬೆರಗಾದೆ. ಅವಳು ಕಣ್ಣೊರೆಸಿಕೊಂಡು ಕವರಿನ ಅಂಚನ್ನು ನೋಡಿದಳು.

"ಅಕ್ಕಾ, ಮೈಸೂರು ಕಾಲೇಜಿನಲ್ಲೂ ಅನ್ನದಲ್ಲೇ ಕವರು ಅಂಟಿಸ್ತಾರಾ?"

ಮರುದಿನ ಅವಳ ಒಪ್ಪಿಗೆಯ ಪತ್ರವನ್ನು ನಾನೇ ದುಂಡಗೆ ಬರೆದುಕೊಟ್ಟೆ. ಕವರನ್ನು ಮಾತ್ರ ಅವಳೇ ಅಂಟಿಸಿದಳು, ನನ್ನ ಮುಖ ನೋಡುತ್ತಾ, ಎರಡು ಸಲ ಗೋಂದು ಬಳಿದು.