ನನ್ನ ಸಿಟ್ಟಿನ ವೀಕ್ಷಕ ವಿವರಣೆ

ಕೋಲ್ಕತ್ತದಲ್ಲಿ ನನಗೆ ಸಿಟ್ಟು ಬಂದಾಗಲೆಲ್ಲ ಜನ ಸೇರುತ್ತಾರೆ. ಹೆದರಿಕೊಂಡಲ್ಲ, ಕೇಳುವುದಕ್ಕೆ. ಒಂದೇ ಸಲ ಹೀಗಾಗಿದ್ದರೆ ಮರೆತುಬಿಡುತ್ತಿದ್ದೆ. ವಾರಕ್ಕೊಮ್ಮೆಯಾದರೂ ಆಗುತ್ತದೆ. ಆದಾಗಲೆಲ್ಲ ಸಿಟ್ಟು ಇಮ್ಮಡಿಯಾಗುತ್ತದೆ, ಇಮ್ಮಡಿಯಾದ ಸಿಟ್ಟನ್ನು ಕೇಳಲು ಇಮ್ಮಡಿ ಜನ ಸೇರುತ್ತಾರೆ.

ತಪ್ಪು ರೇಡಿಯೋದ್ದು. ಧಾರವಾಡದವನಾದ ನಾನು ಬಿಬಿಡಿ ಬಾಗಿನ ಒಂದು ಸರ್ಕಾರಿ ಕಚೇರಿಗೆ ವರ್ಗವಾಗಿ ಬಂದಾಗ ಬಂಗಾಳಿಯ ಒಂದು ಶಬ್ದವೂ ಗೊತ್ತಿರಲಿಲ್ಲ. ಕಚೇರಿಯಲ್ಲಿ ಇಂಗ್ಲಿಷು, ಹಿಂದಿ ಸಾಕಾಗುತ್ತಿತ್ತು. ಬಂಗಾಳಿ ಕಲಿತದ್ದು ಕಾಳಿಘಾಟಿನ ಬಾಡಿಗೆ ಮನೆಯಲ್ಲಿ, ರೇಡಿಯೋದ ಕ್ರಿಕೆಟ್ ಕಾಮೆಂಟರಿಯಿಂದ. ಅದರಲ್ಲೂ ಒಬ್ಬರ ಕಾಮೆಂಟರಿಯಿಂದ. ಅವರ ಹೆಸರು ಹೇಳುವುದಿಲ್ಲ, ದೊಡ್ಡವರು ಎನ್ನುತ್ತೇನೆ.

ಚೆಂಡು ಬೌಂಡರಿ ದಾಟುವವರೆಗೆ ದೊಡ್ಡವರು ಉಸಿರು ಬಿಡುತ್ತಿರಲಿಲ್ಲ, ನಾನೂ ಬಿಡುತ್ತಿರಲಿಲ್ಲ. ಆಟ ಮಂದವಾದರೆ ಗಂಗೆಯ ಕಡೆಯಿಂದ ಬೀಸುವ ಗಾಳಿ, ಗ್ಯಾಲರಿಯಲ್ಲಿ ಕಿತ್ತಳೆ ಸುಲಿಯುತ್ತ ಕುಳಿತ ಅಜ್ಜಿ, ಸ್ವೆಟರ್ ಬಿಚ್ಚಿ ಅಂಪೈರನ ಕೈಗೆ ಕೊಡುವ ಬೌಲರ್, ಎಲ್ಲವನ್ನೂ ಹೇಳುತ್ತಿದ್ದರು. ಮಾತು ಶುರುಮಾಡುವ ಮೊದಲು ಒಂದು ಸಣ್ಣ ಕೆಮ್ಮು. ಆ ಕೆಮ್ಮು ಕೇಳಿದರೆ ನನಗೆ ಹೊಟ್ಟೆ ತುಂಬಿದಷ್ಟು ಸಮಾಧಾನವಾಗುತ್ತಿತ್ತು.

ಆದರೆ ಅವರು ಯಾರನ್ನೂ ಬೈಯುತ್ತಿರಲಿಲ್ಲ, ಅಲ್ಲೇ ನನಗೆ ಎಡವಟ್ಟಾದದ್ದು. ಸೊನ್ನೆಗೆ ಔಟಾದವನಿಗೂ ಬಹುವಚನ. ಅವರು ಆಡಿದ ಅತ್ಯಂತ ಕಠಿಣ ಮಾತೆಂದರೆ ‘ದಾಯಿತ್ವಜ್ಞಾನಹೀನ’, ಅಂದರೆ ಹೊಣೆಗೇಡಿ ಆಟ. ನನ್ನ ಬಳಿ ಇರುವ ಬಂಗಾಳಿ ಬೈಗುಳ ಅದೊಂದೇ. ಅಷ್ಟು ಬಂಡವಾಳದಲ್ಲಿ ನಾನು ಈ ಊರಿನ ಜೊತೆ ಜಗಳಕ್ಕೆ ಇಳಿಯಬೇಕು.

ನನ್ನ ಹೆಂಡತಿ ಬಂಗಾಳಿ ಕಲಿತದ್ದು ನೀರಿನ ನಲ್ಲಿಯ ಹತ್ತಿರ. ಅವಳು ಬಾಯಿ ತೆಗೆದರೆ ಇಡೀ ಗಲ್ಲಿ ಗಪ್‌ಚಿಪ್. ‘ನೀವು ಸುಮ್ನ ಇರ್ರಿ, ನಾ ಹೋಗಿ ಎರಡು ಮಾತು ಅಂದು ಬರ್ತೀನಿ’ ಎನ್ನುತ್ತಾಳೆ. ನಾನು ಒಪ್ಪುವುದಿಲ್ಲ. ನನ್ನ ಸಿಟ್ಟಿಗೆ ಈ ಊರಿನಲ್ಲಿ ಒಬ್ಬನಾದರೂ ಹೆದರಬೇಕು, ಅದೂ ನನ್ನ ಬಾಯಿಂದಲೇ ಕೇಳಿ ಹೆದರಬೇಕು. ಅದು ನನ್ನ ಹಟ.

೧. ಪಟೋಲ್

ಪಟೋಲ್ ಎಂದರೆ ತೊಂಡೆಕಾಯಿಯ ಅಣ್ಣನಂತಿರುವ ತರಕಾರಿ. ಒಂದು ಕಿಲೋ ತಂದು ಮನೆಯಲ್ಲಿ ಸುರುವಿದರೆ ಮೇಲಿನವು ಮಾತ್ರ ಚೆನ್ನಾಗಿದ್ದವು, ಉಳಿದವೆಲ್ಲ ಹಣ್ಣಾಗಿ ಕೊಳೆತಿದ್ದವು. ಚೀಲ ಹಿಡಿದು ಮತ್ತೆ ಮಾರುಕಟ್ಟೆಗೆ ಓಡಿದೆ. ಅಂಗಡಿಯವನ ಮುಂದೆ ಚೀಲ ಬೋರಲು ಹಾಕಿದೆ.

ಬಾಯಿಂದ ಬಂದದ್ದು ಹೀಗೆ: ‘ಆರಂಭ ಅತ್ಯಂತ ಸುಂದರವಾಗಿತ್ತು! ಮೊದಲ ನಾಲ್ವರು ಮನಮೋಹಕವಾಗಿ ಬಂದರು! ಆದರೆ ನೋಡಿ, ಮಧ್ಯದ ಸರದಿ ಕುಸಿದಿದೆ! ಬಾಲಂಗೋಚಿಗಳಂತೂ ಬಂದ ಹಾಗೇ ಮರಳಿದ್ದಾರೆ! ಇದು ದಾಯಿತ್ವಜ್ಞಾನಹೀನ ಪ್ರದರ್ಶನ!’

ಅಂಗಡಿಯವನು ತಕ್ಕಡಿ ಕೆಳಗಿಟ್ಟ. ಪಕ್ಕದ ಬದನೆಕಾಯಿಯವನು ಹತ್ತಿರ ಸರಿದ. ಮೀನು ಕೊಳ್ಳಲು ಬಂದಿದ್ದ ಇಬ್ಬರು ಅಲ್ಲೇ ನಿಂತರು. ಅಂಗಡಿಯವನು ಕೆನ್ನೆಗೆ ಕೈಹಚ್ಚಿ ಕೂತು ಬಹಳ ಆಸೆಯಿಂದ ಕೇಳಿದ:

‘ಆಮೇಲೆ, ದಾದಾ? ಫಾಲೋ-ಆನ್ ಆಯ್ತಾ?’

೨. ಮಿನಿಬಸ್

ಕಚೇರಿಗೆ ಹೋಗುವ ಮಿನಿಬಸ್ಸಿನಲ್ಲಿ ಆಗಲೇ ಒಂಟಿಕಾಲಲ್ಲಿ ನಿಂತಿದ್ದೆವು. ಕಂಡಕ್ಟರ್ ಮಾತ್ರ ‘ಒಳಗೆ ಖಾಲಿ, ಒಳಗೆ ಖಾಲಿ’ ಎಂದು ಜನರನ್ನು ತುರುಕುತ್ತಲೇ ಇದ್ದ. ನನ್ನ ಊಟದ ಡಬ್ಬಿಯ ಮುಚ್ಚಳ ತೆರೆದು ಸಾರು ಪ್ಯಾಂಟಿಗೆ ಇಳಿಯಿತು. ರೇಗಿಹೋಯಿತು.

ಮೈದಾನ ತುಂಬಿ ತುಳುಕಿದಾಗ ದೊಡ್ಡವರು ‘ಕಾನಾಯ್ ಕಾನಾಯ್ ಭರ್ತಿ’ ಎನ್ನುತ್ತಿದ್ದರು. ಹೇಳುವಾಗ ಅವರ ದನಿಯಲ್ಲಿ ಹಬ್ಬದ ಸಂಭ್ರಮ ಇರುತ್ತಿತ್ತು. ನಾನು ಅದನ್ನೇ ಸಿಟ್ಟಿನಿಂದ ಕೂಗಿದೆ: ‘ಕಾನಾಯ್ ಕಾನಾಯ್ ಭರ್ತಿ! ಎಳ್ಳು ಹಾಕಲೂ ಜಾಗ ಇಲ್ಲ! ಆದರೂ ಅಭಿಮಾನಿಗಳ ಪ್ರವಾಹ ನಿಂತಿಲ್ಲ!’

ಸಂಭ್ರಮ ಮಾತ್ರ ಅವನಿಗೆ ತಲುಪಿತು, ಸಿಟ್ಟು ತಲುಪಲಿಲ್ಲ. ಕಂಡಕ್ಟರಿನ ಮುಖ ಅರಳಿತು. ಫುಟ್‌ಬೋರ್ಡಿನ ಮೇಲೆ ನೇತಾಡುತ್ತ ಮುಂದಿನ ಸ್ಟಾಪಿನಿಂದ ಅವನೂ ಅದನ್ನೇ ಕೂಗತೊಡಗಿದ. ಅದೇನೋ ಬಹಳ ದೊಡ್ಡದು ನಡೆಯುತ್ತಿದೆ ಎಂದುಕೊಂಡು, ಆ ಬಸ್ಸು ಬೇಡವಾದವರೂ ಹತ್ತಿದರು. ಅವರಲ್ಲೊಬ್ಬರು ನನ್ನ ಕಾಲ ಮೇಲೆ ನಿಂತು ‘ಯಾರು ಬಂದಿದ್ದಾರೆ?’ ಎಂದು ನನ್ನನ್ನೇ ವಿಚಾರಿಸಿದರು.

೩. ಬೆಳಗಿನ ಹಾರ್ನ್

ಮಗಳಿಗೆ ಸೆಕ್ಟರ್ ಫೈವಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆ ವರ್ಷಗಳಲ್ಲಿ ಗಲ್ಲಿಗೊಬ್ಬರಂತೆ ಅಲ್ಲಿಗೆ ಹೋಗುತ್ತಿದ್ದರು. ಬೆಳಿಗ್ಗೆ ಆರೂವರೆಗೆ ಕಂಪನಿಯ ಕಾರು ನಮ್ಮ ಬಾಗಿಲಿಗೆ ಬಂದು ಹಾರ್ನ್ ಬಾರಿಸುತ್ತಿತ್ತು. ಅವಳು ಕೂದಲು ಬಾಚುವುದು ಮುಗಿಯುವವರೆಗೆ ಬಾರಿಸುತ್ತಲೇ ಇರುತ್ತಿತ್ತು.

ಒಂದು ದಿನ ಲುಂಗಿಯಲ್ಲೇ ಕೆಳಗಿಳಿದೆ. ‘ಆಕಾಶ ನಿರ್ಮಲವಾಗಿದೆ! ವಾತಾವರಣ ಪ್ರಶಾಂತವಾಗಿದೆ! ಇಂಥ ಹೊತ್ತಿನಲ್ಲಿ ಟ್ರಾಮ್ ಡಿಪೋ ತುದಿಯಿಂದ ನಿಮ್ಮ ದಾಳಿ ಆರಂಭವಾಗಿದೆ! ಒಂದಲ್ಲ, ಎರಡಲ್ಲ, ಆರು ಹಾರ್ನ್! ಪೂರ್ತಿ ಓವರ್!’

ಡ್ರೈವರ್ ಇಂಜಿನ್ ಆರಿಸಿದ. ಕಾರಿನ ಕಿಟಕಿಗಳೆಲ್ಲ ಇಳಿದವು. ಒಳಗಿದ್ದ ನಾಲ್ಕು ಹುಡುಗ ಹುಡುಗಿಯರು ಮೊಬೈಲ್ ಹೊರಗೆ ಚಾಚಿದರು. ಮಾರನೆಯ ದಿನ ಅವನು ಹನ್ನೆರಡು ಹಾರ್ನ್ ಬಾರಿಸಿದ. ಮಗಳು ಆಗಲೇ ಕಾರಿನಲ್ಲಿ ಕೂತಿದ್ದಳು, ಬಾರಿಸುತ್ತಿದ್ದದ್ದು ನನಗೋಸ್ಕರ. ಹೋಗಬಾರದು ಎಂದು ಹಲ್ಲು ಕಚ್ಚಿ ಕೂತೆ. ಹದಿನೈದನೆಯದಕ್ಕೆ ಇಳಿದೇಬಿಟ್ಟೆ.

ವಾರದ ನಂತರ ಮಗಳು ಸಂಜೆ ಬಂದವಳೇ ಬ್ಯಾಗು ಎಸೆದಳು. ‘ಅಪ್ಪಾ, ಪ್ಲೀಸ್, ಇನ್ನ ಕೆಳಗ ಬರಬ್ಯಾಡ. ಇಟ್ಸ್ ಸೋ ಎಂಬ್ಯಾರಸಿಂಗ್. ಇವತ್ತು ಫಾರಿನ್ ಕ್ಲೈಂಟ್ ಜೋಡಿ ಮೀಟಿಂಗ್ ಇತ್ತು. ನಮ್ಮ ಮ್ಯಾನೇಜರ್ ಎಲ್ಲಾರಿಗೂ ಫೋನ್ ಸೈಲೆಂಟ್ ಮಾಡ್ರಿ ಅಂದ್ರು.’

‘ಮಾಡಬೇಕಾಗಿತ್ತು. ಅದರಾಗ ನಂದೇನು ತಪ್ಪು?’

‘ಅವರ ಫೋನೇ ರಿಂಗ್ ಆತು, ಅಪ್ಪಾ. “ಪೂರ್ತಿ ಓವರ್!” ಅಂತ.’

೪. ರೇಡಿಯೋ

ಇಷ್ಟೆಲ್ಲ ಸಹಿಸಿದೆ. ರೇಡಿಯೋ ಅಂಗಡಿಯವನನ್ನು ಮಾತ್ರ ಸಹಿಸಲಾಗಲಿಲ್ಲ.

ದುರ್ಗಾಪೂಜೆಯ ಹೊತ್ತಿಗೆ ನನ್ನ ರೇಡಿಯೋ ಕೆಟ್ಟಿತು. ಗಲ್ಲಿಯ ತುದಿಯ ಮಿಸ್ತ್ರಿಗೆ ಕೊಟ್ಟೆ. ಒಂದು ಕಾಲದಲ್ಲಿ ಅವನು ರೇಡಿಯೋ ರಿಪೇರಿಗೆ ಹೆಸರಾದವನು, ಈಗ ಬೋರ್ಡಿನ ತುಂಬ ಸಿಮ್ಮು, ರೀಚಾರ್ಜು. ಮೂರು ತಿಂಗಳು ತಿರುಗಿದೆ. ಹೋದಾಗಲೆಲ್ಲ ‘ನಾಳೆ, ದಾದಾ’. ನನ್ನ ರೇಡಿಯೋ ಅವನ ಕೌಂಟರಿನ ಮೇಲೇ ಇತ್ತು. ಏರಿಯಲ್ ಪೂರ್ತಿ ಎಳೆದು ಅದಕ್ಕೆ ಮಾರಾಟದ ಮೊಬೈಲ್ ಚೀಲಗಳನ್ನು ತೂಗುಹಾಕಿದ್ದ.

ಮಗಳು ‘ಸ್ಕೋರ್ ನೆಟ್‌ನಾಗ ಬರ್ತದಲ್ಲಪ್ಪಾ’ ಎಂದಳು. ಸ್ಕೋರ್ ಯಾರಿಗೆ ಬೇಕು? ಟಿವಿಯಲ್ಲಿ ಓವರಿನ ಕೊನೆಯ ಚೆಂಡು ನಿಲ್ಲುವ ಮೊದಲೇ ಸೋಪಿನ ಜಾಹೀರಾತು. ರೇಡಿಯೋದಲ್ಲಾದರೂ ಏನಿತ್ತು? ದೊಡ್ಡವರು ಒಂದು ಸರಣಿಯಲ್ಲಿ ಇದ್ದರು, ಮುಂದಿನದರಲ್ಲಿ ಇರಲಿಲ್ಲ. ಅವರು ಇನ್ನು ಬರುವುದಿಲ್ಲ ಎಂದು ನಮಗೆ ಒಬ್ಬರೂ ಒಂದು ಮಾತು ಹೇಳಲಿಲ್ಲ. ಅಷ್ಟು ವರ್ಷ ಮನೆಯವರ ಹಾಗೆ ಮಾತಾಡಿದ ಮನುಷ್ಯನಿಗೆ ಒಂದು ನಮಸ್ಕಾರ ಹೇಳಲೂ ಬಿಡಲಿಲ್ಲ. ಆ ಸಿಟ್ಟು ಬೇರೆ ಒಳಗೆ ಕುದಿಯುತ್ತಿತ್ತು. ಆದರೂ ಈಡನ್ ಗಾರ್ಡನ್ಸಿನಲ್ಲಿ ಟೆಸ್ಟ್ ಎಂದರೆ ನನಗೆ ಆ ರೇಡಿಯೋ ಬೇಕೇ ಬೇಕು.

ಟೆಸ್ಟ್ ಶುರುವಾದ ದಿನ ರಜೆ ಹಾಕಿ ಬೆಳಿಗ್ಗೆಯೇ ಅಂಗಡಿಗೆ ನಡೆದೆ. ‘ರೇಡಿಯೋ ತಗೊಂಡ ಬರ್ತೀನಿ’ ಎಂದು ಹೆಂಡತಿಗೆ ಶಪಥ ಮಾಡಿದೆ. ‘ನಾ ಬರ್ಲ್ಯಾ?’ ಎಂದಳು. ಬೇಡ ಎಂದೆ.

‘ನಾಳೆ, ದಾದಾ’ ಎಂದ ಮಿಸ್ತ್ರಿ, ತಲೆಯೆತ್ತದೆ.

ಕೌಂಟರು ಗುದ್ದಿದೆ. ‘ಮೂರು ತಿಂಗಳಿಂದ ಈ ಮೈದಾನದಲ್ಲಿ ಒಂದು ರನ್ನೂ ಬಂದಿಲ್ಲ! ಕೇಳುಗರು ಕಾದು ಕಾದು ಬಸವಳಿದಿದ್ದಾರೆ! ಎಂಥ ದಾಯಿತ್ವಜ್ಞಾನಹೀನ ರಕ್ಷಣಾತ್ಮಕ ಆಟ!’

ಮಿಸ್ತ್ರಿ ಸ್ಕ್ರೂಡ್ರೈವರ್ ಕೈಯಲ್ಲೇ ಹಿಡಿದು ಕಣ್ಣು ಮುಚ್ಚಿದ. ಅವನೂ ದೊಡ್ಡವರ ಭಕ್ತನೇ. ಎಲ್ಲ ಮುಗಿದ ಮೇಲೆ ಕಣ್ಣು ತೆರೆದು, ‘ಅನುಕರಣೆ ಪರವಾಗಿಲ್ಲ, ದಾದಾ. ಆದರೆ ಅವರ ಕಾಲಿನ ಧೂಳಿಗೂ ಸಮ ಅಲ್ಲ’ ಎಂದ. ನನಗೆ ಕಣ್ಣು ಕತ್ತಲೆ ಬಂತು.

ನನ್ನ ಹಿಂದೆ ಮಂಕಿ ಕ್ಯಾಪ್ ಹಾಕಿದ ಮುದುಕರೊಬ್ಬರು ಚೀಟಿ ಹಿಡಿದು ನಿಂತಿದ್ದರು. ಟೋಪಿಯೊಳಗಿಂದಲೇ ಗೊಣಗಿದರು: ‘ದಾಯಿತ್ವ ಅಂದ ಮೇಲೆ ಒಂದು ಕ್ಷಣ ನಿಲ್ಲಬೇಕು. ನೀವು ಓಡ್ತಾ ಇದ್ದೀರಿ.’

‘ದಾದು, ಕ್ರಿಕೆಟ್ ವಿಷಯದಲ್ಲಿ ಬಾಯಿ ಹಾಕಬೇಡಿ, ಸಾಲಿನಲ್ಲಿ ನಿಲ್ಲಿ’ ಎಂದು ಅಜ್ಜನನ್ನು ಗದರಿದ ಮಿಸ್ತ್ರಿ.

‘ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ’ ಎಂದು ನಾನೂ ಹರಿಹಾಯ್ದೆ.

ಮುದುಕರು ಮಂಕಿ ಕ್ಯಾಪನ್ನು ಗದ್ದದ ಕೆಳಗೆ ಎಳೆದರು. ಒಂದು ಸಣ್ಣ ಕೆಮ್ಮು ಕೆಮ್ಮಿದರು.

ಕೆಮ್ಮಿಗೇ ನಾನು ಕೌಂಟರಿನಿಂದ ಕೈ ತೆಗೆದೆ. ‘ದಾಯಿತ್ವ...’ ಎಂದರು, ನಿಂತರು, ‘...ಜ್ಞಾನಹೀನ’ ಎಂದರು. ಮಿಸ್ತ್ರಿಯ ಕೈಯಿಂದ ಸ್ಕ್ರೂಡ್ರೈವರ್ ಬಿತ್ತು. ಇಬ್ಬರೂ ಒಟ್ಟಿಗೆ ಅವರ ಕಾಲಿಗೆ ಬಗ್ಗಿದೆವು, ತಲೆಗೆ ತಲೆ ತಾಗಿತು. ಇಷ್ಟು ವರ್ಷ ನಾವು ಕೇಳಿದ್ದು ದನಿಯನ್ನು, ಮುಖ ಯಾರಿಗೆ ಗೊತ್ತು?

‘ನನ್ನ ಸೆಟ್ಟೂ ಇಲ್ಲೇ ಇದೆ’ ಎಂದರು ದೊಡ್ಡವರು. ‘ನಾಲ್ಕು ತಿಂಗಳು. ಬರ್ತೀನಿ, ಚೀಟಿ ತೋರಿಸ್ತೀನಿ, ಹೋಗ್ತೀನಿ.’

‘ಬೈಯಬೇಕಾಗಿತ್ತು, ದಾದಾ!’ ಎಂದೆ.

‘ಯಾವ ಭಾಷೆಯಲ್ಲಿ? ನನ್ನ ಹತ್ತಿರ ಇರೋದೂ ಇದೊಂದೇ. ನಾನು ಮನೆಯಲ್ಲಿ ಸಿಟ್ಟು ಮಾಡಿದರೆ ಹೆಂಡತಿ ಸ್ಕೋರ್ ಎಷ್ಟು ಅಂತ ಕೇಳ್ತಾಳೆ.’

ಮಿಸ್ತ್ರಿ ಗಡಬಡಿಸಿ ಎರಡೂ ರೇಡಿಯೋ ಬಿಚ್ಚಿ ಕೂತ. ಮೊಬೈಲ್ ಚೀಲಗಳು ನೆಲಕ್ಕೆ ಬಿದ್ದವು. ‘ರಿಪೇರಿ ಮುಗಿಯುವವರೆಗೆ ಬಿಡಬಾರದು’ ಎಂದು ದೊಡ್ಡವರು ನನ್ನ ಕಿವಿಯಲ್ಲಿ ಹೇಳಿ, ತಾವೇ ಶುರುಮಾಡಿದರು. ಆ ದನಿಯಲ್ಲಿ ನಾಲ್ಕು ತಿಂಗಳ ಸಿಟ್ಟು, ತಮ್ಮನ್ನು ಹೇಳದೆ ಕೇಳದೆ ಕೈಬಿಟ್ಟವರ ಮೇಲಿನ ಸಿಟ್ಟು, ಎಲ್ಲ ಬಹುವಚನದಲ್ಲಿ ಬಂತು. ಐದು ನಿಮಿಷದ ನಂತರ ನಿಲ್ಲಿಸಿ ಹೇಳಿದರು: ‘ಈಗ ಮುಂದಿನ ವಿವರಣೆ, ಕರ್ನಾಟಕದಿಂದ ಬಂದಿರುವ ನನ್ನ ಸಹೋದ್ಯೋಗಿಯಿಂದ.’

ನಾನೂ ಒಂದು ಸಣ್ಣ ಕೆಮ್ಮು ಕೆಮ್ಮಿದೆ. ಸಿಟ್ಟು ಕೈಕೊಡಲಿಲ್ಲ. ಪಟೋಲಿನಿಂದ ಹಿಡಿದು ಏರಿಯಲ್ಲಿನವರೆಗೆ ಒಂದನ್ನೂ ಬಿಡಲಿಲ್ಲ. ದಾಯಿತ್ವದ ನಂತರ ನಿಂತೆ. ಅವರು ತಲೆಯಾಡಿಸಿದರು. ಮತ್ತೆ ಅವರು, ಮತ್ತೆ ನಾನು. ಜನ ಅಂಗಡಿಯಿಂದ ಗಲ್ಲಿಗೆ, ಗಲ್ಲಿಯಿಂದ ರಸ್ತೆಗೆ ನಿಂತರು. ರೀಚಾರ್ಜಿಗೆ ಬಂದವರು ರೀಚಾರ್ಜ್ ಮರೆತರು. ಮಿಸ್ತ್ರಿ ಕಣ್ಣೊರೆಸಿಕೊಳ್ಳುತ್ತ ಬೆಸುಗೆ ಹಾಕುತ್ತಿದ್ದ.

ಕೊನೆಗೆ ನನ್ನ ರೇಡಿಯೋಗೆ ಸೆಲ್ ಹಾಕಿ ಗುಂಡಿ ತಿರುವಿದ. ಗರಗರ ಎಂದಿತು, ಮರುಕ್ಷಣ ಈಡನ್ ಗಾರ್ಡನ್ಸೇ ಅಂಗಡಿಯೊಳಗೆ ಬಂತು. ವಿಕೆಟ್ ಬಿದ್ದಿತ್ತು, ಜನ ಅಬ್ಬರಿಸುತ್ತಿದ್ದರು, ಹೊಸ ಕಾಮೆಂಟೇಟರ್ ಕಿರುಚುತ್ತಿದ್ದ. ಮೂರು ತಿಂಗಳು ನಾನು ಕಾದ ರೇಡಿಯೋ. ಖುಷಿಗೆ ಎರಡೂ ಕೈ ಚಾಚಿದೆ.

ಅಷ್ಟರಲ್ಲಿ ರಸ್ತೆಯ ಆ ಬದಿಯವರೆಗೆ ನಿಂತಿದ್ದ ಇಡೀ ಗುಂಪು ಮಿಸ್ತ್ರಿಯ ಮೇಲೆ ಒಟ್ಟಿಗೆ ರೇಗಿತು:

‘ಏ, ಬಂದ್ ಮಾಡೋ ಅದನ್ನ! ಇಲ್ಲಿ ಕಾಮೆಂಟರಿ ಕೇಳಿಸ್ತಾ ಇಲ್ಲ!’