ಪೆನ್‌ಡ್ರೈವಿನೊಳಗಿನ ಮಾವ

ಹೆಂಡತಿಗೆ ಮಾತು ಕೊಡುವ ಮುಂಚೆ ಕಂಪ್ಯೂಟರನ್ನು ಒಂದು ಮಾತು ಕೇಳಬೇಕಿತ್ತು. ಚಾಳೀಸಣ್ಣ ಕೇಳಲಿಲ್ಲ. ಬೆಳಗಿನ ಕಾಫಿ ಕುಡಿಯುತ್ತ, ಪೆನ್‌ಡ್ರೈವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ನೋಡ್ತಾ ಇರು, ಸಂಜೆ ನಿನ್ನ ತಮ್ಮ ಬರೋ ಹೊತ್ತಿಗೆ ನಿಮ್ಮಪ್ಪನ ದನಿ ಕೇಳಿಸ್ತೀನಿ" ಎಂದುಬಿಟ್ಟ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಚಾಳೀಸಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬೀದಿಯ ಮೂಲೆಯಲ್ಲಿ ಅವನ ಚಾಳೀಸಿನ, ಅಂದರೆ ಕನ್ನಡಕದ, ಅಂಗಡಿ ಇತ್ತಲ್ಲ, ಅದಕ್ಕೆ ಅಕ್ಕಪಕ್ಕದವರು ಕಟ್ಟಿದ ಹೆಸರು. ಅವನ ಮಾವ, ಅಂದರೆ ಹೆಂಡತಿಯ ಅಪ್ಪ, ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಹೇಳುವ ಕೆಲಸದಲ್ಲಿದ್ದವರು. ಆ ದನಿ ಕೇಳಿದರೆ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದವರೂ ಗಂಟುಮೂಟೆ ಎತ್ತಿಕೊಂಡು ಓಡುತ್ತಿದ್ದರು. ಊರಿಗೆಲ್ಲ ಕೇಳಿಸಿದ ಅಂಥ ದನಿಯನ್ನು ಹಿಡಿದಿಟ್ಟುಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮಾವ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಮೊನ್ನೆ ಒಂದು ದಿನ ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ಥಟ್ಟನೆ ನಿಂತು, "ರೀ, ಅಪ್ಪನ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ. ದನಿ ಮಾತ್ರ ನೆನಪಿಗೆ ಬರ್ತಾನೇ ಇಲ್ಲ. ಮರ್ತೇ ಹೋಯ್ತೇನೋ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಚಾಳೀಸಣ್ಣನಿಗೆ ಆಗ ನೆನಪಾದದ್ದು ಅಟ್ಟದ ಮೇಲಿದ್ದ ಇವರಿಬ್ಬರ ಮದುವೆಯ ವಿಡಿಯೋ ಕ್ಯಾಸೆಟ್ಟು. ಮದುವೆಯ ದಿನ ಮಾವ ಮೈಕು ಹಿಡಿದು ಮಾತಾಡಿದ್ದು ಅದರಲ್ಲಿತ್ತು.

ಆ ಕ್ಯಾಸೆಟ್ಟನ್ನು ಇವರು ನೋಡಿದ್ದು ಒಂದೇ ಸಲ, ಅದೂ ನೆಂಟರ ಮನೆಯಲ್ಲಿ ಬಾಡಿಗೆ ಯಂತ್ರ ತರಿಸಿ. "ಅಗೋ ನಾನು! ಅಗೋ ನನ್ನ ಸೀರೆ!" ಎಂದು ಮನೆತುಂಬ ಜನ ಕಿರುಚುತ್ತಿದ್ದಾಗ ಯಾರಿಗೆ ಏನು ಕೇಳಿಸೀತು? ಆದರೂ ಆ ಕಾಲವೇ ಚೆನ್ನಾಗಿತ್ತು ಬಿಡಿ. ಒಂದು ಕ್ಯಾಸೆಟ್ಟು, ಒಂದು ಯಂತ್ರ, ತುರುಕಿದರೆ ಓಡುತ್ತಿತ್ತು. ಟೇಪು ಸಡಿಲವಾದರೆ ಬೆರಳು ಹಾಕಿ ಸುತ್ತುವುದು, ಯಂತ್ರ ಮುನಿಸಿಕೊಂಡರೆ ನೆತ್ತಿಗೊಂದು ಪೆಟ್ಟು ಕೊಡುವುದು. ಇದಕ್ಕಿಂತ ದೊಡ್ಡ ವಿದ್ಯೆ ಬೇಕಿರಲಿಲ್ಲ.

ಈಗ ಜೆರಾಕ್ಸ್ ಅಂಗಡಿಯ ಹುಡುಗಿ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟಿದ್ದಳು. ಚಾಳೀಸಣ್ಣ ಅದನ್ನು ಕಂಪ್ಯೂಟರಿಗೆ ಚುಚ್ಚಿ ಒತ್ತಿದ. "ಈ ಫಾರ್ಮ್ಯಾಟ್ ತೆರೆಯಲು ಬರುವುದಿಲ್ಲ" ಎಂದಿತು ಪರದೆ. ಅಭ್ಯಾಸಬಲದಿಂದ ಅದರ ನೆತ್ತಿಗೊಂದು ಕೊಟ್ಟ. ಅದೇ ಮಾತನ್ನು ಇನ್ನೊಂದು ಸಲ ಹೇಳಿತು.

ಪೆಟ್ಟಿನ ಸದ್ದು ಮಹಡಿ ಮನೆಗೆ ಕೇಳಿಸಿತೋ ಏನೋ, ವಿಮೆ ಏಜೆಂಟರು ಇಳಿದು ಬಂದರು.

"ಅಯ್ಯೋ, ನೀವಿನ್ನೂ ಈ ಪ್ಲೇಯರಲ್ಲೇ ಇದೀರಾ?" ಎಂದು ಅವರು ಕೇಳಿದ ರೀತಿಗೆ ಚಾಳೀಸಣ್ಣ ತಾನಿನ್ನೂ ಬದುಕಿದ್ದೇನೆಯೇ ಎಂದು ಎದೆ ಮುಟ್ಟಿ ನೋಡಿಕೊಂಡ. "ಏಳಿ ಏಳಿ, ನಾನೊಂದು ಹಾಕಿಕೊಡ್ತೀನಿ. ಜಗತ್ತಿನಲ್ಲಿರೋದೆಲ್ಲ ಓಡತ್ತೆ."

ಏಜೆಂಟರು ಕೂತು "ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ" ಎಂದು ಒತ್ತುತ್ತಲೇ ಹೋದರು.

"ಅಲ್ಲೇನೋ ಬರೆದಿದ್ಯಲ್ಲ, ಓದ್ಬಾರ್ದಾ?"

"ಇಂಥದ್ದನ್ನ ಯಾರಾದ್ರೂ ಓದ್ತಾರೇನ್ರೀ? ಓದಿದ್ದಿದ್ರೆ ನನ್ನ ಹೊಟ್ಟೆಪಾಡು ನಡೀತಿತ್ತಾ?"

ಪ್ಲೇಯರಿನ ಜೊತೆಗೆ ಕರೆಯದ ನೆಂಟರಂತೆ ಒಂದು ಇಸ್ಪೀಟಿನ ಆಟ, ಒಂದು ಹವಾಮಾನದ ಗಡಿಯಾರ, ಕಂಪ್ಯೂಟರ್ ಗುಡಿಸುವ ಒಂದು ಪೊರಕೆಯೂ ಬಂದು ಕೂತವು. ಕೊನೆಗೆ ಚಿತ್ರ ಮೂಡಿತು. ಹೂವಿನ ಅಲಂಕಾರದ ವೇದಿಕೆ, ಮೈಕು, ಮೈಕಿನ ಹಿಂದೆ ದಪ್ಪ ಮೀಸೆಯ ಮಾವ! ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು. ಮಾವ ಗಂಟಲು ಸರಿಮಾಡಿಕೊಂಡರು, ಬಾಯಿ ತೆರೆದರು. ತುಟಿ ಆಡಿತು, ಮೀಸೆ ಕುಣಿಯಿತು. ದನಿ ಮಾತ್ರ ಇಲ್ಲ.

"ದನಿ ಎಲ್ರೀ?" ಎಂದಳು ಹೆಂಡತಿ. ಚಾಳೀಸಣ್ಣ ಸ್ಪೀಕರಿನ ತಿರುಪನ್ನು ಕೊನೆಯವರೆಗೂ ತಿರುಗಿಸಿ ನೋಡಿದ.

ಅಷ್ಟರಲ್ಲಿ ಎದುರುಮನೆಯ ಲೆಕ್ಕದ ಟೀಚರಮ್ಮ ಹಾಜರಾದರು. ಏಜೆಂಟರು ಎಲ್ಲಿ ಕೈ ಹಾಕಿದ್ದಾರೋ ಅಲ್ಲಿ ತಪ್ಪು ಹುಡುಕುವುದು ಅವರಿಗೆ ಊಟದಷ್ಟೇ ರೂಢಿ.

"ಪ್ಲೇಯರ್ ಬದಲಾಯಿಸಿದ್ರೆ ಏನ್ ಬಂತು? ಇದು ಡಬ್ಬಿ ಇದ್ದ ಹಾಗೆ ಕಣ್ರೀ. ಮೇಲೆ ಸಕ್ಕರೆ ಅಂತ ಬರೆದಿದ್ರೆ ಒಳಗೆ ಸಕ್ಕರೆನೇ ಇರ್ಬೇಕು ಅಂತಿಲ್ಲ. ಚಿತ್ರ ಒಂದು ಬಗೆ, ದನಿ ಇನ್ನೊಂದು ಬಗೆ, ಎರಡನ್ನೂ ಒಂದೇ ಡಬ್ಬಿಗೆ ತುಂಬಿದಾರೆ. ಪೂರ್ತಿ ಬೇರೆ ಫಾರ್ಮ್ಯಾಟಿಗೆ ಬದಲಾಯಿಸ್ಬೇಕು. ಮೊದ್ಲು ಇವರ ಕಸ ತೆಗೀತೀನಿ."

"ಕಸ ಅಂದ್ರೆ ಯಾವುದು ಮೇಡಂ?" ಏಜೆಂಟರ ಮೂಗು ಕೆಂಪಾಯಿತು.

ಟೀಚರಮ್ಮ ತಮ್ಮದೊಂದು ಪ್ಲೇಯರು ಹಾಕಿದರು. ಏಜೆಂಟರದ್ದು ಹೋಗೆಂದರೂ ಹೋಗಲಿಲ್ಲ. ಎರಡೂ ಒಟ್ಟಿಗೆ ತೆರೆದುಕೊಂಡು "ಇನ್ನು ಮುಂದೆ ನನ್ನನ್ನೇ ಬಳಸುವಿರಾ?" ಎಂದು ಕೇಳತೊಡಗಿದವು. ಫಾರ್ಮ್ಯಾಟು ಬದಲಾಗುವ ಹಸಿರು ಪಟ್ಟಿ ಮಧ್ಯಾಹ್ನದವರೆಗೆ ತೆವಳಿ, ಇನ್ನೇನು ಮುಗಿಯಿತು ಎನ್ನುವಲ್ಲಿ ಕಾಲು ಚಾಚಿ ಕೂತುಬಿಟ್ಟಿತು. ಊಟವಾದ ಮೇಲೆ ನೋಡಿದರೆ ಮುಗಿದಿತ್ತು. ಆದರೆ ವೇದಿಕೆಯ ಮೇಲಿದ್ದವರೆಲ್ಲ ಗಿಡ್ಡಗಾಗಿ, ಅಡ್ಡಡ್ಡ ಊದಿಕೊಂಡಿದ್ದರು.

"ಅಪ್ಪನ್ನ ಯಾರೋ ಮೇಲಿಂದ ಅದುಮಿದ ಹಾಗಿದೆ" ಎಂದು ಹೆಂಡತಿ ಮುಖ ತಿರುಗಿಸಿದಳು. ದನಿ ಆಗಲೂ ಇಲ್ಲ.

ಏಜೆಂಟರೂ ಟೀಚರಮ್ಮನೂ ಜಗಳಕ್ಕೆ ನಿಂತ ಸಮಯ ನೋಡಿ ಚಾಳೀಸಣ್ಣ ಪೆನ್‌ಡ್ರೈವು ಕಿತ್ತುಕೊಂಡು ಜೆರಾಕ್ಸ್ ಅಂಗಡಿಗೆ ಓಡಿದ.

"ದನಿನೇ ಇಲ್ವಲ್ಲಮ್ಮ ಇದ್ರಲ್ಲಿ!"

"ಇದೆಯಲ್ಲ ಸಾರ್, ನೋಡಿ" ಎಂದು ಹುಡುಗಿ ಪರದೆ ತಿರುಗಿಸಿದಳು. ಉದ್ದಕ್ಕೂ ಹಲ್ಲುಹಲ್ಲಾದ ಗೆರೆ. "ಏರ್ತಾ ಇಳೀತಾ ಇದೆ ನೋಡಿ, ಇದೇ ದನಿ."

"ಒಂಚೂರು ಕೇಳಿಸಮ್ಮ."

"ಸ್ಪೀಕರ್ ಇಲ್ಲ ಸಾರ್. ಜೆರಾಕ್ಸ್ ಅಂಗಡಿಗೆ ಸ್ಪೀಕರ್ ಯಾಕೆ?"

ಚಾಳೀಸಣ್ಣ ಬಗ್ಗಿ ಆ ಗೆರೆಯನ್ನು ನೋಡಿದ. ಇಷ್ಟು ಹತ್ತಿರ, ಒಂದು ಗಾಜಿನ ಆಚೆ, ಮಾವ ಮಾತಾಡುತ್ತಿದ್ದಾರೆ! ಅವನ ಕಣ್ಣು ಮಂಜಾಯಿತು. ಹುಡುಗಿ ಮರುಕಪಟ್ಟು, ತನಗೆ ಗೊತ್ತಿದ್ದ ಎಲ್ಲ ಫಾರ್ಮ್ಯಾಟಿನಲ್ಲೂ ಒಂದೊಂದು ಪ್ರತಿ ಮಾಡಿ ತುಂಬಿಕೊಟ್ಟಳು.

ಮನೆಗೆ ಬರುವಷ್ಟರಲ್ಲಿ ಬಾಮೈದ ಬಂದು ಕೂತಿದ್ದ. ದೂರದ ಊರಲ್ಲಿ ಕೆಲಸ, ಮರುದಿನವೇ ಹೊರಡುವವನು. ಅಪ್ಪನ ದನಿ ಸಿಗುತ್ತದೆ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಕ್ಕೇ ಬಂದಿದ್ದ. ಏಜೆಂಟರು, ಟೀಚರಮ್ಮ ಕುರ್ಚಿ ಹಿಡಿದಾಗಿತ್ತು.

"ತನ್ನಿ ಭಾವ, ನಾನು ನೋಡ್ತೀನಿ" ಎಂದು ಬಾಮೈದ ಒಂದೊಂದೇ ಪ್ರತಿ ಒತ್ತುತ್ತ ಹೋದ. ಒಂದರಲ್ಲಿ ಚಿತ್ರ ತಲೆಕೆಳಗು. ಒಂದರಲ್ಲಿ ಬರೀ ಹಸಿರು. ಒಂದರಲ್ಲಿ ಮದುವೆಯೆಲ್ಲ ಇರುವೆ ಸಾಲಿನಂತೆ ಸರಸರ ಓಡಿ ಕಣ್ಮುಚ್ಚಿ ತೆರೆಯುವುದರೊಳಗೆ ಮುಗಿಯಿತು. ಕೊನೆಯದನ್ನು ಒತ್ತಿದ. ಮಾವ ನೆಟ್ಟಗೆ, ತಮ್ಮ ಅಳತೆಯಲ್ಲೇ ಮೈಕಿನ ಮುಂದೆ ಬಂದರು. ಸ್ಪೀಕರು ಗೊರಗೊರ ಎಂದಿತು.

"ಬಂತು!" ಎಂದು ಚಾಳೀಸಣ್ಣ ಕುಪ್ಪಳಿಸಿದ.

ಹೆಂಡತಿ ತಮ್ಮನ ಕೈ ಹಿಡಿದುಕೊಂಡಳು. ಮಾವ ಬಾಯಿ ತೆರೆದರು. ತಬಲಾ, ಪಿಟೀಲು, ಕೊಳಲು ಒಟ್ಟಿಗೆ ಮೊರೆದು, ಆ ದಪ್ಪ ಮೀಸೆಯ ಕೆಳಗಿನಿಂದ ಕೋಗಿಲೆಯಂಥ ಹೆಣ್ಣುದನಿ ಹೊರಟಿತು. ಸಿನಿಮಾ ಹಾಡು!

ಎಲ್ಲರೂ ಕಾದು ಕೂತರು. ಹಾಡು ಮುಗಿಯಲಿ, ಮಾತು ಬರುತ್ತದೆ. ಹಾಡು ಮುಗಿಯಿತು. ಇನ್ನೊಂದು ಶುರುವಾಯಿತು, ಈ ಸಲ ಯುಗಳಗೀತೆ. ಮಾವ ಎರಡು ದನಿಯಲ್ಲೂ ಹಾಡಿದರು. ಏಜೆಂಟರು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದರು.

"ಮಾತೆಲ್ಲ ಅಳಿಸಿ ಉದ್ದಕ್ಕೂ ಹಾಡು ತುಂಬಿಸಿದಾರೆ! ಯಾವ ಪುಣ್ಯಾತ್ಮನ ಕೆಲಸ ಇದು?" ಎಂದ ಬಾಮೈದ.

ಚಾಳೀಸಣ್ಣ ಎರಡನೆಯ ಹಾಡಿಗೇ ಬೆವರಿದ್ದ. ಎಲ್ಲವೂ ಅವನ ಮೆಚ್ಚಿನ ಹಾಡುಗಳು. ಮದುವೆಯ ಹುರುಪಿನಲ್ಲಿ ಫೋಟೋದವನ ಅಂಗಡಿಯಲ್ಲಿ ಅರ್ಧ ದಿನ ಕೂತು, "ಮಾತೆಲ್ಲ ಬರೀ ಗಲಾಟೆ, ತೆಗೆದುಹಾಕಿ. ಹಾಡು ಹಾಕಿ, ನಾನು ಆರಿಸ್ತೀನಿ" ಎಂದವನು ಇನ್ಯಾರು? ಹೆಂಡತಿ ನಿಧಾನಕ್ಕೆ ಅವನ ಕಡೆ ತಿರುಗಿದಳು. ಅವಳಿಗೂ ನೆನಪಾಗಿತ್ತು.

ಅವನು ತಲೆ ತಗ್ಗಿಸಿ ನಿಂತ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

"ರೀ, ಮೊದ್ಲು ಆ ಹಾಡು ನಿಲ್ಲಿಸಿ" ಎಂದಳು ಅವಳು ಮೆಲ್ಲಗೆ. "ಅಪ್ಪ ಮಾತಾಡೋದು ಕೇಳಿಸ್ತಿಲ್ಲ."

ಅವನು ಏನೂ ತೋಚದೆ ಸ್ಪೀಕರಿನ ತಿರುಪು ಇಳಿಸಿದ. ಅಕ್ಕ ತಮ್ಮ ಇಬ್ಬರೂ ಅಪ್ಪನ ತುಟಿಗಳನ್ನೇ ನೋಡುತ್ತ ಪರದೆಯತ್ತ ಬಾಗಿದರು. ಮಾವ ಕೈ ಎತ್ತಿ ಏನೋ ಅಂದರು, ಒಂದು ಗಳಿಗೆ ನಿಂತರು, ಮತ್ತೇನೋ ಅಂದರು. ಒಂದೇ ಕ್ಷಣಕ್ಕೆ ಇಬ್ಬರೂ ಗೊಳ್ಳೆಂದು ನಕ್ಕರು. "ಬಸ್ಸಿನ ಮಾತು ಇಲ್ಲೂ ಬಿಡ್ಲಿಲ್ಲ ನೋಡೋ!" ಎಂದು ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅದೇ ದನಿ ಅಲ್ವೇನಕ್ಕಾ" ಎಂದ ತಮ್ಮ, ಪರದೆಯಿಂದ ಕಣ್ಣು ಕೀಳದೆ.

"ಏನಂದ್ರು? ಮಾವ ಏನಂದ್ರು?" ಎಂದ ಚಾಳೀಸಣ್ಣ, ಆಸೆಯಿಂದ.

"ಶ್! ನೀವು ಮಾತಾಡಿದ್ರೆ ಕೇಳ್ಸಲ್ಲ. ಅವತ್ತು ಪಕ್ಕದಲ್ಲೇ ಇದ್ರಲ್ಲ, ನೆನಪು ಮಾಡ್ಕೊಳ್ಳಿ."

ಚಾಳೀಸಣ್ಣ ಪರದೆ ನೋಡಿದ. ನಿಜ, ಮಾವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಲ್ಲಿ ಮದುಮಗ ನಿಂತಿದ್ದ. ಕೋಟಿನ ಕಾಲರು ಸರಿಮಾಡಿಕೊಳ್ಳುತ್ತ, ಹಿಂದಿದ್ದ ಗೆಳೆಯನ ಕಿವಿಯಲ್ಲಿ ಏನೋ ಹೇಳಿ ಕಿಸಿಕಿಸಿ ನಗುತ್ತಿದ್ದ. ಮಾವ ಒಂದು ಸಲ ಮಾತು ನಿಲ್ಲಿಸಿ, ಅವನ ಕಡೆಗೇ ತಿರುಗಿ, ಅವನಿಗೆಂದೇ ಏನೋ ಹೇಳಿದರು. ಮದುಮಗನ ಗಮನ ಅತ್ತ ಇರಲಿಲ್ಲ. ಪರದೆಯ ಈಚೆ ಅಕ್ಕ ತಮ್ಮ ಕಣ್ಣು ತುಂಬಿಕೊಂಡು ತಲೆದೂಗಿದರು. ಏನೂ ಗೊತ್ತಿಲ್ಲದ ಏಜೆಂಟರೂ ಟೀಚರಮ್ಮನೂ ಅವರನ್ನು ನೋಡಿ ಮೂಗು ಒರೆಸಿಕೊಂಡರು.

ಬೆಳಗಿನಿಂದ ಊರೆಲ್ಲ ಓಡಾಡಿ ದನಿ ಹುಡುಕಿದ ಚಾಳೀಸಣ್ಣನೂ ಸ್ಪೀಕರಿಗೆ ಕಿವಿ ಒತ್ತಿ ಕೂತ. ಅವನಿಗೆ ಮಾತ್ರ ಏನೂ ಕೇಳಿಸಲಿಲ್ಲ.